750 ವ್ಯಾಟ್ ಸರ್ವೋ, 10:1 ಗೇರ್‌ಬಾಕ್ಸ್: ಮೂರು ವರ್ಷ ಓಡಿಸಿದ ಮೇಲೆ ಆರ್‌ಪಿಎಂ ಬಗ್ಗೆ ಒಂದಷ್ಟು

ಪೀಣ್ಯದಲ್ಲಿ ನಮ್ಮದು ಪೌಚ್ ಪ್ಯಾಕಿಂಗ್ ಮೆಷಿನ್ ಕೆಲಸ. ಮಸಾಲೆ ಪುಡಿ, ಬೇಳೆ, ಚಿಪ್ಸ್ ತುಂಬುವ ಮಾಮೂಲಿ ಮೆಷಿನ್‌ಗಳು. ಇವಕ್ಕೆ 750 ವ್ಯಾಟ್‌ನ ಎಸಿ ಸರ್ವೋ ಮೋಟರ್ (ಹೇಳಿದಷ್ಟೇ ವೇಗಕ್ಕೆ, ಹೇಳಿದಷ್ಟೇ ತಿರುಗುವ ಮೋಟರ್), ಅದರ ಮುಂದೆ 10:1 ಪ್ಲಾನೆಟರಿ ಗೇರ್‌ಬಾಕ್ಸ್ (ಮೋಟರ್ ಹತ್ತು ಸುತ್ತಿದರೆ ಹೊರಗೆ ಒಂದು ಸುತ್ತು) ಹಾಕಿ ಮೂರು ವರ್ಷದ ಮೇಲಾಯಿತು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಿರುವುದು ಸ್ಪೀಡ್ ರೇಟಿಂಗ್ ಬಗ್ಗೆ, ಅದು ಯಾವ ಕಂಪನಿಯ ಮಾಲು ತಂದರೂ ಹೆಚ್ಚುಕಮ್ಮಿ ಒಂದೇ.

ಮೋಟರ್ ವಿಷಯ ಬೇಗ ಮುಗಿಸುತ್ತೇನೆ. ನೇಮ್‌ಪ್ಲೇಟ್ ಮೇಲೆ 3000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು), 2.4 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಅಂತ ಇದೆ. ಕ್ಯಾಟಲಾಗಿನಲ್ಲಿ ಮ್ಯಾಕ್ಸ್ ಸ್ಪೀಡ್ 5000. ಮಾರುವವರ ಬಾಯಲ್ಲಿ ಬರುವುದು ಯಾವಾಗಲೂ ಆ 5000ವೇ. 3000 ಅಂದರೆ ಪೂರ್ತಿ ಟಾರ್ಕ್ ಕೊಟ್ಟುಕೊಂಡು ದಿನವಿಡೀ ಓಡಬಲ್ಲ ವೇಗ. ಅದರ ಮೇಲೂ ಓಡುತ್ತದೆ, ಆದರೆ ಬಿಡದೆ ಕೊಡಬಲ್ಲ ಟಾರ್ಕ್ ಕಮ್ಮಿಯಾಗುತ್ತಾ ಹೋಗುತ್ತದೆ. ಶೆಡ್‌ಗೆ ಬರುವ ಕರೆಂಟ್ 230ರಿಂದ 190 ವೋಲ್ಟ್‌ಗೆ ಇಳಿದರೆ ಡ್ರೈವ್ (ಮೋಟರ್‌ಗೆ ಕರೆಂಟ್ ಕೊಟ್ಟು ಓಡಿಸುವ ಪೆಟ್ಟಿಗೆ) ಒಳಗಿನ ಡಿಸಿ ವೋಲ್ಟೇಜ್ ಸುಮಾರು 325ರಿಂದ 270ರ ಹತ್ತಿರಕ್ಕೆ ಬೀಳುತ್ತದೆ, ಆಗ ಮೇಲಿನ ವೇಗದಲ್ಲಿ ಮೋಟರ್‌ಗೆ ಉಸಿರೇ ಇರುವುದಿಲ್ಲ. ಕ್ಯಾಟಲಾಗಿನ ಟಾರ್ಕ್-ಸ್ಪೀಡ್ ಗ್ರಾಫ್ ನೋಡದೆ ಬರೀ ಟೇಬಲ್ ನೋಡಿ ಆರ್ಡರ್ ಹಾಕುವವರೇ ಜಾಸ್ತಿ.

ತಲೆನೋವು ಗೇರ್‌ಬಾಕ್ಸ್‌ನದು. ಅದಕ್ಕೂ ಎರಡು ವೇಗ ಬರೆದಿರುತ್ತಾರೆ. ನಮ್ಮದರಲ್ಲಿ ನಾಮಿನಲ್ ಇನ್‌ಪುಟ್ ಸ್ಪೀಡ್ 3000, ಮ್ಯಾಕ್ಸ್ ಇನ್‌ಪುಟ್ ಸ್ಪೀಡ್ 6000. ಇನ್‌ಪುಟ್ ಅಂದರೆ ಮೋಟರ್ ಕಡೆಯದು, ಹೊರಗೆ ಬರುವ ವೇಗವಲ್ಲ. ನಾಮಿನಲ್ ಅನ್ನುವುದನ್ನು ಇಡೀ ಸೈಕಲ್‌ನ ಸರಾಸರಿಗೆ ಹೋಲಿಸಬೇಕು, ಮ್ಯಾಕ್ಸ್ ಅನ್ನುವುದನ್ನು ಕ್ಷಣ ಮಾತ್ರದ ಪೀಕ್‌ಗೆ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

ನಮ್ಮ ಫಿಲ್ಮ್ ಎಳೆಯುವ ಬೆಲ್ಟ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ಪುಲ್ಲಿ ಒಂದು ಸುತ್ತಿಗೆ 200 ಮಿಲಿಮೀಟರ್. ಪೌಚ್ ಉದ್ದವೂ 200, ನಿಮಿಷಕ್ಕೆ 60 ಪೌಚ್. ಒಂದು ಸೆಕೆಂಡಿನ ಸೈಕಲ್‌ನಲ್ಲಿ ಎಳೆಯಲು ಸಿಗುವುದು 0.4 ಸೆಕೆಂಡ್, ಉಳಿದದ್ದು ಸೀಲಿಂಗ್‌ಗೆ. ಆ 0.4ರಲ್ಲಿ ಮೂರನೇ ಒಂದು ಭಾಗ ವೇಗ ಏರಲು, ಇನ್ನೊಂದು ಭಾಗ ಇಳಿಯಲು ಹೋದರೆ ಬೆಲ್ಟ್‌ನ ಪೀಕ್ ವೇಗ ಸೆಕೆಂಡಿಗೆ 750 ಮಿಲಿಮೀಟರ್. ಪುಲ್ಲಿ 225 ಆರ್‌ಪಿಎಂ, ಮೋಟರ್ 2250. ಆದರೆ ಸರಾಸರಿ? ಸೆಕೆಂಡಿಗೆ ಒಂದೇ ಸುತ್ತು, ಅಂದರೆ ಪುಲ್ಲಿ 60, ಮೋಟರ್ 600. ಗೇರ್‌ಬಾಕ್ಸ್‌ಗೆ ಇದು ಏನೂ ಅಲ್ಲ. ಇಷ್ಟು ವರ್ಷಕ್ಕೂ ಅದರ ಮೈ ಬೆಚ್ಚಗಾಗಿದ್ದು ಬಿಟ್ಟರೆ ತಕರಾರಿಲ್ಲ, ಪೌಚ್ ಉದ್ದವೂ ತಪ್ಪಿಲ್ಲ.

ಅದೇ ಜೋಡಿ ನಮ್ಮ ಒಬ್ಬ ಗ್ರಾಹಕರ ಕನ್ವೇಯರ್‌ನಲ್ಲಿ ಬೇರೆಯೇ ಆಟ ಆಡಿತು. ಪುಲ್ಲಿ ಅದೇ ಅಳತೆಯದು. ಮೊದಲು ಬೆಲ್ಟ್ ವೇಗ ಸೆಕೆಂಡಿಗೆ 0.8 ಮೀಟರ್ ಇತ್ತು, ಮೋಟರ್ 2400ರಲ್ಲಿ ಓಡುತ್ತಿತ್ತು. ಅವರು ಪ್ರೊಡಕ್ಷನ್ ಜಾಸ್ತಿ ಬೇಕು ಅಂತ 1.2 ಮೀಟರ್‌ಗೆ ಏರಿಸಿಕೊಂಡರು. ಮೋಟರ್ 3600 ಆಯಿತು. ಸಪ್ಲೈಯರ್ ಕಡೆಯ ಹುಡುಗನನ್ನು ಕೇಳಿದರೆ "ಮ್ಯಾಕ್ಸ್ 6000 ಇದೆಯಲ್ಲಾ ಸಾರ್, 3600 ಏನು ಮಹಾ" ಅಂದನಂತೆ. ಕನ್ವೇಯರ್ ನಿಲ್ಲುವುದೇ ಇಲ್ಲ ಅಲ್ವಾ, ಹಾಗಾಗಿ ಇಲ್ಲಿ ಸರಾಸರಿಯೂ 3600ವೇ, ನಾಮಿನಲ್ ದಾಟಿ ಎರಡು ಶಿಫ್ಟ್ ಪೂರ್ತಿ.

ಡ್ರೈವ್ ಮಾತ್ರ ಒಂದೂ ಅಲಾರಂ ಕೊಡಲಿಲ್ಲ. ಯಾಕೆ ಕೊಡುತ್ತದೆ? ಲೋಡ್ ಅರ್ಧವೂ ಇರಲಿಲ್ಲ, ಅದು ನೋಡುವುದು ಮೋಟರ್ ಕಡೆಯದನ್ನು ಮಾತ್ರ. ಗೇರ್‌ಬಾಕ್ಸ್‌ನಲ್ಲಿ ಸೆನ್ಸರ್ ಅನ್ನುವುದೇ ಇಲ್ಲ. ವೇಗ ಜಾಸ್ತಿಯಾದಷ್ಟೂ ಒಳಗಿನ ಗ್ರೀಸ್ ಕಡೆದಂತಾಗುತ್ತದೆ, ಇನ್‌ಪುಟ್ ಕಡೆಯ ಆಯಿಲ್ ಸೀಲ್ ಶಾಫ್ಟ್‌ಗೆ ಉಜ್ಜಿ ಬಿಸಿಯಾಗುತ್ತದೆ, ಇದೆಲ್ಲ ಲೋಡ್ ಇಲ್ಲದಿದ್ದರೂ ಆಗುವಂಥದ್ದು. ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಕೊನೆಗೆ ಸೀಲ್ ಹೋಗಿ ಗ್ರೀಸ್ ಮೋಟರ್ ಕಡೆಗೆ ಇಳಿದಿತ್ತು.

ರಿಪೇರಿಗೆ ಅಂತ ನಮ್ಮ ಹತ್ತಿರ ಬಂದಾಗ ದೊಡ್ಡ ಮೋಟರ್ ಕೇಳಿದರು. ಬೇಡ ಅಂದೆವು. ಅದೇ ಸೈಜಿನ 5:1 ಹಾಕಿದೆವು. ಅದೇ 1.2 ಮೀಟರ್‌ಗೆ ಮೋಟರ್ ಈಗ 1800. ಟಾರ್ಕ್ ಸಾಲುತ್ತದಾ ಅನ್ನುವುದು ನ್ಯಾಯವಾದ ಪ್ರಶ್ನೆ. 10:1ರಲ್ಲಿ ಹೊರಗೆ ಸುಮಾರು 23 ನ್ಯೂಟನ್ ಮೀಟರ್ ಸಿಗುತ್ತಿತ್ತು, 5:1ರಲ್ಲಿ ಸುಮಾರು 11. ಕನ್ವೇಯರ್‌ಗೆ ಬೇಕಿದ್ದದ್ದು 8ರ ಆಸುಪಾಸು, ಹಾಗಾಗಿ ನಡೆಯಿತು. ಆದರೆ ರೇಶಿಯೋ ಅರ್ಧಕ್ಕೆ ಇಳಿದರೆ ಮೋಟರ್‌ಗೆ ಕಾಣುವ ಲೋಡ್‌ನ ಇನರ್ಶಿಯಾ (ಜಡತ್ವ) ನಾಲ್ಕು ಪಟ್ಟಾಗುತ್ತದೆ, ಡ್ರೈವ್ ಟ್ಯೂನಿಂಗ್ ಹೊಸದಾಗಿ ಮಾಡಲೇಬೇಕು. ಸುಮ್ನೆ ಬಾಕ್ಸ್ ಬದಲಿಸಿ ಸ್ವಿಚ್ ಹಾಕಿದರೆ ಗರಗರ ಸದ್ದು ಗ್ಯಾರಂಟಿ.

ಇನ್ನೊಂದು ಕಿರಿಕಿರಿ, ಇದು ಗೇರ್‌ಬಾಕ್ಸ್‌ನದ್ದಲ್ಲ. ಮೋಟರ್ 600ರ ಮೇಲೆ ಹೋಗುತ್ತಿಲ್ಲ, ಮಾಲು ಡೂಪ್ಲಿಕೇಟ್ ಇರಬೇಕು ಅಂತ ಒಬ್ಬರು ಫೋನ್ ಮಾಡಿದ್ದರು. ನೋಡಿದರೆ ಅವರ ಪಿಎಲ್‌ಸಿ (ಡ್ರೈವ್‌ಗೆ ಆಜ್ಞೆ ಕೊಡುವ ಕಂಟ್ರೋಲರ್) ಔಟ್‌ಪುಟ್ 100 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಪಲ್ಸ್, ಡ್ರೈವ್‌ನಲ್ಲಿ ಒಂದು ಸುತ್ತಿಗೆ 10000 ಪಲ್ಸ್ ಅಂತ ಸೆಟ್ಟಿಂಗ್. ಸೆಕೆಂಡಿಗೆ ಹತ್ತೇ ಸುತ್ತು, ಇನ್ನೆಲ್ಲಿಂದ ಬರಬೇಕು? ಆ ಸೆಟ್ಟಿಂಗ್ (ಎಲೆಕ್ಟ್ರಾನಿಕ್ ಗೇರ್) ಬದಲಿಸಿ 2000 ಪಲ್ಸ್‌ಗೆ ತಂದರೆ 3000 ಸಿಗುತ್ತದೆ. 10:1 ಮತ್ತು ಅದೇ ಪುಲ್ಲಿ ಇದ್ದರೆ ಆಗಲೂ ಒಂದು ಪಲ್ಸ್‌ಗೆ 0.01 ಮಿಲಿಮೀಟರ್. ಪೌಚ್‌ಗೆ ಇದಕ್ಕಿಂತ ಯಾಕೆ ಬೇಕು.

ಒಟ್ಟಾರೆ ಮಾಲು ಚೆನ್ನಾಗಿದೆ, 5ಕ್ಕೆ 4 ಕೊಡುತ್ತೇನೆ. ಒಂದು ಕಳೆದಿದ್ದು ಕ್ಯಾಟಲಾಗಿಗೆ. ಆಯಸ್ಸು 20,000 ಗಂಟೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ, ನಿಲ್ಲದೆ ಓಡಿಸಿದರೆ 10,000 ಅನ್ನುವುದನ್ನು ಪುಟದ ಕೆಳಗೆ ಕಾಣದ ಹಾಗೆ ಹಾಕಿದ್ದಾರೆ. ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ ಅದು ಎರಡು ವರ್ಷದ ಸ್ವಲ್ಪ ಮೇಲೆ ಅಷ್ಟೇ. ನಿಮ್ಮದೂ ನಿಲ್ಲದ ಕನ್ವೇಯರ್ ಆಗಿದ್ದರೆ ಕೊಟೇಶನ್ ಕೇಳುವಾಗಲೇ ನಿಲ್ಲದೆ ಓಡುತ್ತದೆ ಅಂತ ಬರೆದು ಕೊಡಿ, ಅದಕ್ಕೆ ಎಷ್ಟು ಆರ್‌ಪಿಎಂ ಬಿಡುತ್ತಾರೆ ಅನ್ನುವುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ.