36 ಬಣ್ಣದ ನೀಡಲ್ ಫೆಲ್ಟಿಂಗ್ ಕಿಟ್: ಉಣ್ಣೆ, ದುಡ್ಡು, ಟೈಮು ಮೂರರ ಲೆಕ್ಕ

ಆನ್‌ಲೈನ್‌ನಲ್ಲಿ ನೀಡಲ್ ಫೆಲ್ಟಿಂಗ್ (ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಗೊಂಬೆ ಮಾಡುವ ಕಸುಬು) ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಈ ಕಿಟ್ಟೇ. ಜಿಪ್ ಇರುವ ಡಬ್ಬ, ಒಳಗೆ ಸಾಲಾಗಿ ಜೋಡಿಸಿದ 36 ಬಣ್ಣದ ಉಣ್ಣೆ, ಚುಚ್ಚುವಾಗ ಕೆಳಗಿಡುವ ಒಂದು ಫೋಮ್ ತುಂಡು, ಮರದ ಹಿಡಿ, ಸಣ್ಣ ಸೀಸೆಯಲ್ಲಿ ಸೂಜಿಗಳು, ಚರ್ಮದ ಬೆರಳುಟೋಪಿ, ಪುಟ್ಟ ಕತ್ತರಿ, ಗೊಂಬೆಯ ಕಣ್ಣಿಗೆ ಹಾಕುವ ಕಪ್ಪು ಮಣಿಗಳು. ಇದೇ ಮಾಲು ಹತ್ತಾರು ಹೆಸರಿನಲ್ಲಿ ಬರುತ್ತದೆ. ಹಾಗಾಗಿ ನಾನು ತಗೊಂಡ ಹೆಸರು ಹೇಳಿ ಏನೂ ಪ್ರಯೋಜನವಿಲ್ಲ. ಕೊಟ್ಟಿದ್ದು ಸಾವಿರ ರೂಪಾಯಿಯ ಆಸುಪಾಸು. ಎರಡು ವರ್ಷದ ಮೇಲಾಯಿತು, ಡಬ್ಬ ಇನ್ನೂ ಗಟ್ಟಿಯಾಗಿದೆ. ಒಳಗಿದ್ದದ್ದು ಮಾತ್ರ ಬಹುಪಾಲು ಬದಲಾಗಿದೆ.

ಮೊದಲೇ ಹೇಳಿಬಿಡುತ್ತೇನೆ. ಕಲಿಯೋಕೆ ಈ ಕಿಟ್ ಪರವಾಗಿಲ್ಲ. ಆದರೆ ಇದರಲ್ಲಿ ಎಷ್ಟು ಗೊಂಬೆ ಆಗುತ್ತದೆ ಅಂತ ಬಣ್ಣ ಎಣಿಸಿ ಲೆಕ್ಕ ಹಾಕಬೇಡಿ. ಮಾರುವವರು ಬಣ್ಣ ಎಣಿಸುತ್ತಾರೆ, ನಮಗೆ ಖರ್ಚಾಗುವುದು ಗ್ರಾಂ. ಒಂದೊಂದು ಬಣ್ಣ 3 ಗ್ರಾಂ, ಒಟ್ಟು 108 ಗ್ರಾಂ. ಅದರಲ್ಲಿ ಗುಲಾಬಿಯಲ್ಲೇ ನಾಲ್ಕೈದು ಛಾಯೆ. ಬಿಳಿ ಒಂದೇ ಒಂದು, ಅದೂ 3 ಗ್ರಾಂ. ಯಾವ ಪ್ರಾಣಿ ಮಾಡಿದರೂ ಮೊದಲು ಮುಗಿಯುವುದು ಬಿಳಿ, ಆಮೇಲೆ ಕಂದು, ಕಪ್ಪು. ಗುಲಾಬಿ ಇವತ್ತಿಗೂ ಹಾಗೇ ಇದೆ.

ಹೊಸಬರಿಗೆ ಒಂದು ಮಾತು. ಈ ಕಸುಬಿನಲ್ಲಿ ಹೊಲಿಗೆ ಇಲ್ಲ, ಅಂಟೂ ಇಲ್ಲ. ಸೂಜಿಯ ತುದಿಯ ಹತ್ತಿರ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುಗಳಿರುತ್ತವೆ. ಚುಚ್ಚಿದಾಗ ಅವು ಉಣ್ಣೆಯ ಎಳೆಗಳನ್ನು ಒಳಕ್ಕೆ ತಳ್ಳುತ್ತವೆ, ಸೂಜಿ ಹೊರಗೆ ಬಂದರೂ ಎಳೆ ಒಳಗೇ ಸಿಕ್ಕಿಕೊಳ್ಳುತ್ತದೆ. ಸಾವಿರಾರು ಸಲ ಚುಚ್ಚಿದರೆ ಮೆತ್ತನೆಯ ಮುದ್ದೆ ಗಟ್ಟಿ ಗೊಂಬೆಯಾಗುತ್ತದೆ. ಫ್ಯಾಕ್ಟರಿಗಳಲ್ಲಿ ಫೆಲ್ಟ್ ಹಾಳೆ ಮಾಡೋಕೆ ಇಂಥದ್ದೇ ಸೂಜಿಗಳನ್ನು ಸಾಲುಸಾಲಾಗಿ ಜೋಡಿಸಿದ ಯಂತ್ರ ಬಳಸುತ್ತಾರೆ. ಆ ಸೂಜಿಯನ್ನು ಕೈಯಲ್ಲಿ ಹಿಡಿದು ಗೊಂಬೆ ಮಾಡುವುದು ಅಮೆರಿಕದಲ್ಲಿ 1980ರ ದಶಕದಲ್ಲಿ ಶುರುವಾಯಿತು. ಅಂದರೆ ಹಳೇ ಕಾಲದ ಕಲೆಯೇನಲ್ಲ ಇದು.

ಈಗ ಉಣ್ಣೆಯ ಲೆಕ್ಕಕ್ಕೆ ಬರೋಣ. ಪ್ಲ್ಯಾನ್ ಎಲ್ಲ ಕೆಡುವುದು ಇಲ್ಲೇ. ಚೆನ್ನಾಗಿ ಗಟ್ಟಿ ಮಾಡಿದ 4 ಸೆಂಟಿಮೀಟರ್ ಅಗಲದ ಉಂಡೆಗೆ 5–6 ಗ್ರಾಂ ಉಣ್ಣೆ ಬೇಕು. ಹಾಗಾದರೆ 8 ಸೆಂಟಿಮೀಟರ್ ಉಂಡೆಗೆ? 12 ಗ್ರಾಂ ಅಂತ ಬಾಯಿಗೆ ಬರುತ್ತದೆ, ಅಲ್ವಾ? ಅಲ್ಲ, 45 ಗ್ರಾಂ ಹತ್ತಿರ. ಅಗಲ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಹೈಸ್ಕೂಲಿನಲ್ಲಿ ಓದಿದ್ದೇ. ಚುಚ್ಚುವ ಕೆಲಸವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಏರುತ್ತದೆ. ಮೇಲಿನ ಬಣ್ಣ ಮಾತ್ರ ನಾಲ್ಕು ಪಟ್ಟಷ್ಟೇ ಏರುತ್ತದೆ, ಯಾಕೆಂದರೆ ಅದು ಬರೀ ಮೈ ಮುಚ್ಚುವ ಪದರ. 4 ಸೆಂಟಿಮೀಟರ್ ಉಂಡೆ ಮುಚ್ಚೋಕೆ ಒಂದೂವರೆ ಗ್ರಾಂ ಸಾಕು. 8 ಸೆಂಟಿಮೀಟರ್ ಉಂಡೆಗೆ 6 ಗ್ರಾಂ.

ಇದು ಗೊತ್ತಾದರೆ ಕಿಟ್ಟಿನಲ್ಲಿ ಏನಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಒಳತುಂಬಿನ ಉಣ್ಣೆ ಇಲ್ಲ. ಬಣ್ಣದ ಉಣ್ಣೆಯನ್ನೇ ಉಂಡೆ ಕಟ್ಟಿ ಒಳಗೆ ಹಾಕಿದರೆ ದುಡ್ಡು ದಂಡ, ಟೈಮೂ ದಂಡ. ಬಾಚಿ ನುಣುಪು ಮಾಡಿದ ಮೆರಿನೋ (ಮೆತ್ತನೆಯ ಉಣ್ಣೆ ಕೊಡುವ ಕುರಿ ತಳಿ) ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ, ಬೇಗ ಹೆಣೆದುಕೊಳ್ಳುವುದಿಲ್ಲ. ಒಳಗಡೆಗೆ ಬೇಕಾದ್ದು ಕಾರ್ಡ್ ಮಾಡಿದ, ಅಂದರೆ ತಂತಿ ಹಲ್ಲಿನ ಬ್ರಷ್‌ನಲ್ಲಿ ಎಳೆದು ಬಿಡಿಸಿದ, ಎಳೆ ಅಡ್ಡಾದಿಡ್ಡಿ ಇರುವ ಒರಟು ಉಣ್ಣೆ. ಅದು ಬೇಗ ಗಟ್ಟಿಯಾಗುತ್ತದೆ, ಬೆಲೆಯೂ ಕಡಿಮೆ. ನನಗೆ ಬಿಳಿ ಒಳತುಂಬು 100 ಗ್ರಾಂಗೆ 150 ರೂಪಾಯಿಗೆ ಸಿಗುತ್ತಿದೆ. ಬಣ್ಣದ ಮೆರಿನೋ ಅಷ್ಟೇ ತೂಕಕ್ಕೆ 550. ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಬಹುದು ಅಂತ ಕೆಲವರು ಹೇಳುತ್ತಾರೆ. ಬೇಡ. ಚುಚ್ಚಿದಷ್ಟೂ ಪುಟಿಯುತ್ತದೆ, ಉಳಿದ ದುಡ್ಡಿಗಿಂತ ಹೋದ ಹೊತ್ತೇ ಜಾಸ್ತಿ.

ನಮ್ಮ ಕಡೆ ಇನ್ನೊಂದು ದಾರಿ ಇದೆ. ಚಳ್ಳಕೆರೆ ಕಡೆ ಕಂಬಳಿ ನೇಯುವ ಡೆಕ್ಕನಿ ಕುರಿಯ ಕರಿ ಉಣ್ಣೆ. ಮೈಗೆ ಚುಚ್ಚುವ ಅದೇ ಒರಟುತನ ಒಳತುಂಬಿಗೆ ಹೇಳಿ ಮಾಡಿಸಿದ ಹಾಗಿದೆ, ಸೂಜಿ ಹೋದಾಗ ಕರ್ ಕರ್ ಅಂತ ಸದ್ದು ಬರುತ್ತದೆ, ಬೇಗ ಬಿಗಿಯಾಗುತ್ತದೆ. ಪರಿಚಯದವರಿಂದ ಸ್ವಲ್ಪ ತರಿಸಿಕೊಂಡೆ, ಹೆಚ್ಚುಕಡಿಮೆ ಬಿಟ್ಟಿ. ಆದರೆ ದೂಳು, ಮುಳ್ಳು, ಒಣ ಹುಲ್ಲು ಎಲ್ಲ ಜೊತೆಗೇ ಬರುತ್ತದೆ. ಬಿಸಿನೀರಿಗೆ ಸ್ವಲ್ಪ ಶಾಂಪೂ ಹಾಕಿ, ಕಲಕದೆ ಸುಮ್ನೆ ನೆನೆಸಿಡಬೇಕು. ಉಜ್ಜಿದರೆ ಅಲ್ಲೇ ಗಂಟಾಗುತ್ತದೆ. ಒಣಗಿದ ಮೇಲೆ ನಾಯಿ ಬಾಚುವ ತಂತಿ ಬ್ರಷ್ ಎರಡು ತಗೊಂಡು, ಒಂದರ ಮೇಲೆ ಉಣ್ಣೆ ಹಾಕಿ ಇನ್ನೊಂದರಿಂದ ಎಳೆದರೆ ಕಾರ್ಡ್ ಆಗುತ್ತದೆ. ಒಂದು ಕಿಲೋ ತಂದರೆ ಬಳಕೆಗೆ ಬರುವುದು ಮುಕ್ಕಾಲು ಕಿಲೋ. ಒಂದು ಭಾನುವಾರ ಪೂರ್ತಿ ಹೋಗುತ್ತದೆ. ತೊಂದರೆ ಏನೆಂದರೆ ಕರಿ ಎಳೆಗಳು ತಿಳಿ ಬಣ್ಣದ ಮೈಯಿಂದ ಇಣುಕುತ್ತವೆ. ಹಾಗಾಗಿ ಕಾಗೆ, ಎಮ್ಮೆ, ಕರಡಿಗೆ ಸರಿ. ಮೊಲಕ್ಕೆ ಬೇಡ.

ಕಿಟ್ಟಿನ ಉಣ್ಣೆಯ ಗುಣಮಟ್ಟದ ಬಗ್ಗೆ ಒಂದು ದೂರು ಇದೆ. ಡಬ್ಬದ ಮೇಲೆ ನೂರಕ್ಕೆ ನೂರು ಉಣ್ಣೆ ಅಂತ ಅಚ್ಚಾಗಿತ್ತು. ಕೆಲವು ಬಣ್ಣ ಎಷ್ಟು ಚುಚ್ಚಿದರೂ ಕೂರುತ್ತಲೇ ಇರಲಿಲ್ಲ. ಅನುಮಾನ ಬಂದು ನಾಲ್ಕು ಎಳೆ ಚಿಮ್ಮಟದಲ್ಲಿ ಹಿಡಿದು ಬೆಂಕಿ ತಾಗಿಸಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕಂದು, ಬಿಳಿ ಹಾಗೇ ಆದವು. ಹೊಳೆಯುವ ನೀಲಿ ಮತ್ತು ಒಂದು ಹಸಿರು ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಂತವು. ಅಪ್ಪಟ ಸಿಂಥೆಟಿಕ್! ನೀವೂ ಕಿಟ್ ಬಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ. ಇನ್ನು ಕೆಂಪು ಒದ್ದೆಯಾದರೆ ಬಣ್ಣ ಬಿಡುತ್ತದೆ.

ಸೂಜಿ. ಸೀಸೆಯಲ್ಲಿ ಮೂರು ಅಳತೆ ಇದ್ದವು, ಆದರೆ ಯಾವುದರ ಮೇಲೂ ನಂಬರ್ ಇಲ್ಲ. ಗೇಜ್ ಅಂದರೆ ಸೂಜಿಯ ದಪ್ಪದ ಅಳತೆ, ಆ ನಂಬರ್ ದೊಡ್ಡದಾದಷ್ಟೂ ಸೂಜಿ ತೆಳು. 36 ಆಕಾರ ಕೊಡೋಕೆ, 38 ಎಲ್ಲದಕ್ಕೂ, 40 ಮುಖ ತಿದ್ದೋಕೆ. ಈ ಸೂಜಿಗಳು ಬಾಗುವುದಿಲ್ಲ, ಟಪ್ ಅಂತ ಮುರಿಯುತ್ತವೆ. ಹೋದ ದಾರಿಯಲ್ಲೇ ನೆಟ್ಟಗೆ ವಾಪಸ್ ಬರಬೇಕು. ಒಳಗೆ ಇರುವಾಗ ಸ್ವಲ್ಪ ಅಡ್ಡ ಎಳೆದರೂ ತುದಿ ಗೊಂಬೆಯಲ್ಲೇ ಉಳಿಯುತ್ತದೆ. ಮಕ್ಕಳಿಗೆ ಕೊಡುವ ಗೊಂಬೆಯಾದರೆ ಆ ತುದಿ ಸಿಗುವವರೆಗೂ ಬಿಡಬಾರದು. ನಾನು ಅಯಸ್ಕಾಂತ ಆಡಿಸಿ ನೋಡುತ್ತೇನೆ. ಕಿಟ್ಟಿನ ಸೂಜಿ ಬೇಗ ಮುಗಿದವು. ಈಗ ಗೇಜ್ ಬರೆದಿರುವ ಸೂಜಿ ಬಿಡಿಯಾಗಿ ತರಿಸುತ್ತೇನೆ, ಒಂದಕ್ಕೆ 30–40 ರೂಪಾಯಿ ಬೀಳುತ್ತದೆ. ಹಿಡಿಗೆ ಗೇಜಿಗೊಂದರಂತೆ ಬಣ್ಣದ ನೇಲ್ ಪಾಲಿಶ್ ಹಚ್ಚಿಟ್ಟರೆ ಕೈಗೆ ಬೇಕಾದ್ದೇ ಸಿಗುತ್ತದೆ. ಏಳು ಸೂಜಿಯ ಮರದ ಹಿಡಿ ಮಾತ್ರ ಇಡೀ ಕಿಟ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ಸಾಮಾನು. ಒಳತುಂಬನ್ನು ಮೊದಲ ಹಂತದಲ್ಲಿ ಬಿಗಿ ಮಾಡೋಕೆ ಅದರಷ್ಟು ಬೇಗ ಬೇರೆ ಯಾವುದೂ ಆಗುವುದಿಲ್ಲ.

ಫೋಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕೈದು ಗೊಂಬೆಗೆ ನಡುವೆ ಗುಳಿ ಬಿತ್ತು, ಚೂರುಗಳು ಗೊಂಬೆಯ ಹೊಟ್ಟೆಗೆ ಅಂಟತೊಡಗಿದವು. ಅದರ ಬದಲು ಗೋಣಿಚೀಲದ ತುಂಡನ್ನು ಪುಟ್ಟ ದಿಂಬಿನ ಹಾಗೆ ಹೊಲಿದು ಅಕ್ಕಿ ತುಂಬಿಕೊಂಡಿದ್ದೇನೆ, ಮೇಲೆ ಹಳೇ ಕಂಬಳಿಯ ಒಂದು ಮಡಿಕೆ. ಸೂಜಿ ತಾಗಿದರೆ ಕಾಳು ಸರಿದು ದಾರಿ ಬಿಡುತ್ತದೆ. ಮಳೆಗಾಲದಲ್ಲಿ ಅಕ್ಕಿಗೆ ಹುಳ ಬೀಳುತ್ತದೆ, ಬದಲಾಯಿಸಬೇಕು ಅಷ್ಟೆ. ಚರ್ಮದ ಬೆರಳುಟೋಪಿ ನನಗೆ ದೊಡ್ಡದು, ಒಳಗೆ ಬ್ಯಾಂಡೇಜ್ ಸುತ್ತಿ ಹಾಕಿಕೊಳ್ಳುತ್ತೇನೆ.

ಒಂದು ಗೊಂಬೆಯ ಪೂರ್ತಿ ಲೆಕ್ಕ ಕೊಡುತ್ತೇನೆ. ನಾನು ಜಾಸ್ತಿ ಮಾಡುವುದು ಕೆಮ್ಮೀಸೆ ಪಿಕಳಾರ, ತಲೆ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಚುಕ್ಕೆ ಇರುವ ಹಕ್ಕಿ. ಕೊಕ್ಕಿನಿಂದ ಬಾಲದವರೆಗೆ ಒಂಬತ್ತು ಹತ್ತು ಸೆಂಟಿಮೀಟರ್. ಒಳತುಂಬು 12 ಗ್ರಾಂ, 18 ರೂಪಾಯಿ. ಕಂದು 3, ಬಿಳಿ 3, ಕಪ್ಪು 2 ಗ್ರಾಂ ಸೇರಿ 44 ರೂಪಾಯಿ. ಕೆಂಪು ಅರ್ಧ ಗ್ರಾಮೂ ಬೇಡ, ಕಣ್ಣಿನ ಹಿಂದೆ ಒಂದು ಚಿಟಿಕೆ, ಬಾಲದ ಬುಡಕ್ಕೆ ಒಂದು ಚಿಟಿಕೆ. ಕಣ್ಣಿನ ಮಣಿ 10 ರೂಪಾಯಿ. ಎರಡು ಹಕ್ಕಿಗೆ ಒಂದು ಸೂಜಿ ಹೋಗುತ್ತದೆ ಅಂತ ಹಿಡಿದರೆ ಅದಕ್ಕೊಂದು 18. ಒಟ್ಟು 90 ರೂಪಾಯಿ.

ಟೈಮು? ಐದು ಗಂಟೆ. ಒಳಮೈ ಕಟ್ಟೋಕೆ ಒಂದೂವರೆ ಗಂಟೆ. ಬೆರಳಲ್ಲಿ ಒತ್ತಿ ಬಿಟ್ಟರೆ ಗುಳಿ ಉಳಿಯಬಾರದು, ಅಲ್ಲಿಯವರೆಗೂ ಚುಚ್ಚಬೇಕು. ಇಲ್ಲಿ ಅವಸರ ಮಾಡಿದರೆ ಬಣ್ಣ ಹಾಕುವಾಗ ಮೈಯೇ ಕುಗ್ಗಿ ಹಕ್ಕಿ ಬಡಕಲಾಗುತ್ತದೆ. ತಲೆ, ಬಾಲ ಬೇರೆ ಮಾಡಿ ಸೇರಿಸೋಕೆ ಒಂದು ಗಂಟೆ. ಸೇರಿಸುವ ತುದಿಯನ್ನು ಚುಚ್ಚದೆ ಜುಂಗಾಗಿ ಬಿಟ್ಟಿರಬೇಕು. ಬಣ್ಣದ ಪದರಕ್ಕೆ ಇನ್ನೊಂದು ಗಂಟೆ. ಉಳಿದ ಒಂದೂವರೆ ಗಂಟೆ ಪೂರ್ತಿ ಮುಖಕ್ಕೇ. ಜುಟ್ಟು ನೆಟ್ಟಗೆ ನಿಲ್ಲಬೇಕಾದರೆ ಕಪ್ಪು ಎಳೆಗಳನ್ನು ಬೆರಳಿನ ನಡುವೆ ಹೊಸೆದು, 40ರ ಸೂಜಿಯಲ್ಲಿ ಬುಡದಲ್ಲಿ ಮಾತ್ರ ಮೆಲ್ಲಗೆ ಚುಚ್ಚಬೇಕು. ತುದಿಗೆ ಸೂಜಿ ತಾಗಿದರೆ ಮೊಂಡಾಗುತ್ತದೆ. ಕೆಂಪು ಚುಕ್ಕೆ ಕಣ್ಣಿಗೆ ಅಂಟಿದ ಹಾಗೆ ಕೂರಬೇಕು. ಒಂದು ಕೂದಲೆಳೆ ಕೆಳಗೆ ಬಂದರೆ ಹಕ್ಕಿ ಅತ್ತು ಕೂತ ಹಾಗೆ ಕಾಣುತ್ತದೆ. ಕಿತ್ತು ಮತ್ತೆ ಹಾಕಬೇಕು.

ಟೀವಿ ನೋಡುತ್ತಾ ಮಾಡಬಹುದು ಅಂತ ಜಾಹೀರಾತಿನಲ್ಲಿ ತೋರಿಸುತ್ತಾರೆ. ಬೆರಳಿನ ಮೇಲೆ ಆಸೆ ಇದ್ದರೆ ಬೇಡ. ಮುಕ್ಕಾಲು ಗಂಟೆಗಿಂತ ಜಾಸ್ತಿ ಒಂದೇ ಸಲ ಕೂತರೆ ಮಣಿಕಟ್ಟು, ಕತ್ತು ಎರಡೂ ಹಿಡಿದುಕೊಳ್ಳುತ್ತವೆ. ಹಾಗಾಗಿ ಐದು ಗಂಟೆಯ ಹಕ್ಕಿ ಅಂದರೆ ಕೆಲಸಕ್ಕೆ ಹೋಗುವವರಿಗೆ ಒಂದು ವಾರ. ದಸರಾ ಗೊಂಬೆಗೆ ಅಂತ ಯಾರಾದರೂ ಆಗಸ್ಟ್ ಕೊನೆಯಲ್ಲಿ ಕೇಳಿದರೆ ನಾನು ಒಂದೆರಡಕ್ಕಿಂತ ಒಪ್ಪುವುದಿಲ್ಲ. ಬೇಕಾದ ಬಣ್ಣ ಸ್ಟಾಕ್ ಇಲ್ಲದೆ ವಾರಗಟ್ಟಲೆ ಕಾದದ್ದೂ ಉಂಟು. ಒಂದೇ ಸೆಟ್‌ನ ಗೊಂಬೆಗಳಿಗೆ ಬೇಕಾದಷ್ಟು ಕಂದು ಒಂದೇ ಸಲ ತಗೊಳ್ಳಿ. ಮುಂದಿನ ಸಲ ಬರುವ ಲಾಟಿನ ಛಾಯೆ ಬೇರೆಯೇ ಇರುತ್ತದೆ.

ಬೆಲೆ ಹೇಳುವುದು ಇನ್ನೊಂದು ಕಥೆ. ಗಂಟೆಗೆ ನೂರೇ ರೂಪಾಯಿ ಹಿಡಿದರೂ ಪಿಕಳಾರ 590 ಆಗುತ್ತದೆ. "ಅಂಗೈಯಷ್ಟು ಹಕ್ಕಿಗೆ ಆರುನೂರಾ?" ಅಂತ ಕೇಳದವರೇ ಇಲ್ಲ. ಸಾಮಾನಿನ ಬೆಲೆಗೆ ಎರಡು ಪಟ್ಟು, ಮೂರು ಪಟ್ಟು ಹಾಕಿ ಮಾರುವ ಲೆಕ್ಕ ಬೇರೆ ಕಸುಬುಗಳಲ್ಲಿ ನಡೆಯಬಹುದು. ಇಲ್ಲಿ ಮೂರು ಪಟ್ಟು ಹಾಕಿದರೂ, ಸಾಮಾನಿನ ಖರ್ಚು ಕಳೆದರೆ ಐದು ಗಂಟೆಗೆ ಸಿಗುವುದು ನೂರೆಂಬತ್ತು ರೂಪಾಯಿ. ಮಾರುವ ಆಸೆ ಇರುವವರು 4 ಸೆಂಟಿಮೀಟರ್ ಒಳಗಿನ ಕೀಚೈನ್, ಅಣಬೆ, ಕಿತ್ತಳೆ ತೊಳೆ ಇಂಥದ್ದರಿಂದ ಶುರು ಮಾಡಿ. ಗಂಟೆಯೊಳಗೆ ಮುಗಿಯುತ್ತವೆ, ಕಿಟ್ಟಿನ ಆ ಗುಲಾಬಿ ಛಾಯೆಗಳಿಗೂ ಅಲ್ಲಿ ಒಂದು ಗತಿ ಸಿಗುತ್ತದೆ.

ಸಂಗ್ರಹದ ಖರ್ಚನ್ನೂ ಸೇರಿಸಿಕೊಳ್ಳಿ. ಉಣ್ಣೆಗೆ ನುಸಿ ಬೀಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಒಣಗಿದ ಬೇವಿನ ಎಲೆ ಅಥವಾ ಕರ್ಪೂರ, ಮಳೆ ಬಿಟ್ಟ ದಿನ ಒಂದಿಷ್ಟು ಬಿಸಿಲು. ಬಣ್ಣದ ಉಣ್ಣೆಯನ್ನು ಮಾತ್ರ ನೆರಳಲ್ಲೇ ಗಾಳಿಗೆ ಹಾಕಿ, ಇಲ್ಲದಿದ್ದರೆ ಮಾಸುತ್ತದೆ.

ಹಾಗಾದರೆ ಕಿಟ್ ತಗೊಳ್ಳಬೇಕಾ? ಈ ಕೆಲಸ ನನಗೆ ಹಿಡಿಸುತ್ತದೋ ಇಲ್ಲವೋ ಅಂತ ನೋಡುವವರು ತಗೊಳ್ಳಿ, ಸಾವಿರ ರೂಪಾಯಿಗೆ ಮೋಸವಿಲ್ಲ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಒಂದು ಆ ಮರದ ಹಿಡಿಗೆ. ಮಾಡಿಯೇ ತೀರುತ್ತೇನೆ ಅನ್ನುವವರು ಅದೇ ದುಡ್ಡಿಗೆ 200 ಗ್ರಾಂ ಬಿಳಿ ಒಳತುಂಬು, ಕಂದು, ಕಪ್ಪು, ಬಿಳಿ ಮೆರಿನೋ 25 ಗ್ರಾಂನಂತೆ, ಗೇಜ್ ನಂಬರ್ ಇರುವ ಐದಾರು ಸೂಜಿ ಬಿಡಿಯಾಗಿ ತಗೊಳ್ಳಬಹುದು, ಚಿಲ್ಲರೆ ಉಳಿಯುತ್ತದೆ. ಅದಕ್ಕೆ ಇನ್ನೊಂದು ಮುನ್ನೂರು ನಾನೂರು ಸೇರಿಸಿ, ಚಿನ್ನ ಬೆಳ್ಳಿ ತೂಗುವಂಥ 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಗೊಳ್ಳಿ. ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ಕೆಂಪು ಉಣ್ಣೆ ಇಟ್ಟರೆ ಸೊನ್ನೆ ಅಂತಲೇ ತೋರಿಸುತ್ತದೆ.