ಏಳು ವರ್ಷ ಓಡಿಸಿ ಮಾರಿದ ನಮ್ಮ ಇನ್ನೋವಾ

2012ರ ಮಾಡೆಲ್, 2.5 ಡೀಸೆಲ್, ಎಂಟು ಸೀಟು. 2017ರಲ್ಲಿ ಹಾಸನದಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡಾಗ 8.75 ಲಕ್ಷ ಕೊಟ್ಟಿದ್ದೆ. ಹಳೇ ಗಾಡಿಗೆ ಇಷ್ಟು ದುಡ್ಡಾ ಅಂತ ಅಪ್ಪ ರೇಗಿದ್ದರು. ಆದರೆ ಮನೆಯಲ್ಲಿ ಏಳು ಜನ. ಧರ್ಮಸ್ಥಳಕ್ಕೆ ಹೊರಟರೆ ಎಲ್ಲರೂ ಒಂದೇ ಗಾಡಿಯಲ್ಲಿ ಕೂರಬೇಕು ಅನ್ನೋದು ಅಮ್ಮನ ಆಸೆ.

94,000 ಕಿ.ಮೀ. ಓಡಿಸಿ, 2024ರಲ್ಲಿ 6.20 ಲಕ್ಷಕ್ಕೆ ಮಾರಿದೆ. ವರ್ಷಕ್ಕೆ 36 ಸಾವಿರ ಚಿಲ್ಲರೆ ಕಳೆದ ಹಾಗಾಯಿತು. ಇನ್ಶೂರೆನ್ಸ್‌ನವರ ಲೆಕ್ಕದಲ್ಲಿ ಐದು ವರ್ಷಕ್ಕೇ ಗಾಡಿ ಬೆಲೆ ಅರ್ಧಕ್ಕೆ ಇಳಿಯುತ್ತೆ. ಇನ್ನೋವಾಗೆ ಸಂತೆಯ ಲೆಕ್ಕವೇ ಬೇರೆ. 2016ರಲ್ಲಿ ಇನ್ನೋವಾದ ಹೊಸ ಮಾಡೆಲ್ ಕ್ರಿಸ್ಟಾ ಬಂತು, ಬೆಲೆ ಜಾಸ್ತಿ ಆಯಿತು, ಹಳೇ ಮಾಡೆಲ್ ನಿಂತಿತು. ಅದನ್ನೇ ಹುಡುಕುವವರು ಇವತ್ತಿಗೂ ಇದ್ದಾರೆ. ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿ.ಮೀ. ಓಡಿಸಿದ ಎಂಜಿನ್ ಇದು, ಊರೂರಲ್ಲೂ ಮೆಕ್ಯಾನಿಕ್ ಸಿಗುತ್ತಾರೆ.

ಮೈಲೇಜ್ ಮಾತ್ರ 11ರ ಮೇಲೆ ಹೋಗಲಿಲ್ಲ. ಹಿಂದಿನ ಸೀಟು ಮಕ್ಕಳಿಗೇ ಸರಿ.

ಮಾರುವಾಗ ಮೊದಲು ಒಂದು ಆನ್‌ಲೈನ್ ಕಂಪನಿಗೆ ತೋರಿಸಿದೆ. ಫೋನಿನಲ್ಲಿ 6.50 ಅಂದವರು, ಮನೆಗೆ ಬಂದು ನೋಡಿ 5.10 ಅಂದರು. ತುಂಬಾ ಬೇಜಾರಾಯಿತು. ಕೊನೆಗೆ ತಗೊಂಡವರು ಅರಸೀಕೆರೆ ಕಡೆಯ ತೆಂಗಿನ ತೋಟದವರು. ಅವರು ನೋಡಿದ ರೀತಿ ನನಗೆ ಬಹಳ ಹಿಡಿಸಿತು. ಎಂಜಿನ್ ಒಳಗೆ ಸವೆದಿದೆಯಾ ಅಂತ ತಿಳಿಯೋಕೆ, ಅದು ಚಾಲೂ ಇರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿ ಹೊಗೆ ಬರುತ್ತಾ ನೋಡಿದರು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದಲ್ಲಿ ಕೆಸರಿನ ಗುರುತು ಹುಡುಕಿದರು, ನೀರಲ್ಲಿ ಮುಳುಗಿದ ಗಾಡಿಯಾ ಅಂತ ತಿಳಿಯೋಕೆ. ಯಾವುದಾದರೂ ಗಾಜು ಒಡೆದು ಬದಲಾಯಿಸಿದ್ದಾ ಅಂತ ಪ್ರತಿ ಗಾಜಿನ ಮೂಲೆಯ ನಂಬರನ್ನೂ ಬಗ್ಗಿ ಓದಿದರು.

"ಇನ್ನು ಮೂರು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಬರುತ್ತೆ ಸಾರ್, 5.80 ಮಾಡ್ಕೊಳಿ" ಅಂದರು. ಆರ್‌ಸಿ ಅವಧಿ ಮುಗಿಯುವ ಹದಿನೈದು ವರ್ಷ ಹತ್ತಿರ ಬಂದಷ್ಟೂ ಈ ಮಾತು ಬಂದೇ ಬರುತ್ತೆ. ನಾನು ಸರ್ವೀಸ್ ಫೈಲ್ ಕೊಟ್ಟೆ. ಟೈಮಿಂಗ್ ಬೆಲ್ಟ್, ಕ್ಲಚ್ ಬದಲಾಯಿಸಿದ ಬಿಲ್ ಎಲ್ಲಾ ತಾರೀಖಿನ ಪ್ರಕಾರ ಇತ್ತು. ಜಗಲಿ ಮೇಲೆ ಕೂತು ಒಂದೊಂದೇ ಹಾಳೆ ತಿರುಗಿಸಿದರು. ಆಮೇಲೆ ಚೌಕಾಸಿ ಮಾಡಲಿಲ್ಲ. ನನ್ನ ಪ್ರಕಾರ ಆ ಫೈಲಿನಿಂದಲೇ 40 ಸಾವಿರ ಉಳಿಯಿತು.

ಗಾಡಿ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಸುಮ್ನೆ ಕೂರಬೇಡಿ. ಆರ್‌ಸಿ ಅವರ ಹೆಸರಿಗೆ ಆಗೋವರೆಗೂ ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹೋದ ಸಲ ಅವರೇ ಮಾಡಿದ್ದರು, ಗಾಡಿ ಶಿರಾಡಿ ಘಾಟಿ ಆರಾಮಾಗಿ ಹತ್ತಿತು ಅಂತ ಹೇಳೋಕೆ.