ನೈಲಾನ್ ಗಾಳಿಪಟ: ಬಟ್ಟೆ ಗಟ್ಟಿ, ಬಾಲಂಗೋಚಿ ಮೋಟು

ವಜ್ರಾಕಾರದ ಈ ರೆಡಿಮೇಡ್ ಪಟದ ನೈಲಾನ್ ಬಟ್ಟೆ, ಫೈಬರ್ ಕಡ್ಡಿ ಎರಡೂ ಚೆನ್ನಾಗಿವೆ. ಬಿದ್ದರೂ ಕಾಗದದ ಪಟದಂತೆ ಸುಲಭವಾಗಿ ಹರಿಯದು. ಜಿಪುಣತನವೆಲ್ಲ ಬಾಲಂಗೋಚಿಯಲ್ಲಿ. 70 ಸೆಂ.ಮೀ. ಎತ್ತರದ ಪಟಕ್ಕೆ ಬರೀ 1 ಮೀಟರ್ ಬಾಲ! ಗಾಳಿ ಜೋರಾದರೆ ಗಿರಗಿರ ಸುತ್ತಿ ತಲೆಕೆಳಗಾಗಿ ನೆಲಕ್ಕಪ್ಪಳಿಸುತ್ತದೆ. ಹಳೇ ಬಟ್ಟೆಯ ಪಟ್ಟಿ ಗಂಟು ಹಾಕಿ 4 ಮೀಟರಿನಷ್ಟು ಉದ್ದ ಮಾಡಿದರೆ ನೆಟ್ಟಗೆ ನಿಲ್ಲುತ್ತದೆ.

ಸೂತ್ರದ ಉಂಗುರ ಜಾರಿಸಲು ಬರುವುದೇ ಇದರ ಹೆಚ್ಚುಗಾರಿಕೆ. ಜೋರು ಗಾಳಿಗೆ 1 ಸೆಂ.ಮೀ. ತಲೆಯ ಕಡೆಗೆ, ಮಂದಗಾಳಿಗೆ ಬಾಲದ ಕಡೆಗೆ ಸರಿಸಿ. ಆಮೇಲೂ ಒಂದೇ ಬದಿಗೆ ವಾಲುತ್ತಿದ್ದರೆ ಅಡ್ಡಕಡ್ಡಿ ನಡುವಿನಿಂದ ಜಾರಿದೆಯೇ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ದಾರದ ಹಿಡಿಕೆ ಮಕ್ಕಳಿಗಷ್ಟೇ ಸರಿ, ದೊಡ್ಡವರ ಬೆರಳು ತೂರುವುದಿಲ್ಲ. ಕರೆಂಟ್ ತಂತಿ ಇರುವ ಕಡೆ ಮಾತ್ರ ಬೇಡವೇ ಬೇಡ.